ಮೆಚ್ಚು ಬೇರೆ, ಬಾಕಿ ಬೇರೆ

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು ಕನ್ನಡದ ಹಳಮೆಗೆ ಸಾಕ್ಷಿ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದರಲ್ಲಿ ಬರೆದಿರುವುದೇನು ಎಂದು ಕೇಳಿದರೆ ಬಹಳ ಮಂದಿ ತಡವರಿಸುತ್ತಾರೆ. ಕ್ರಿ.ಶ. 450ರ ಸುಮಾರಿನ ಆ ಶಾಸನ ಒಬ್ಬ ಸೇವಕನ ದುಡಿಮೆಗೆ ಸಂದ ಪ್ರತಿಫಲದ ದಾಖಲೆ. ಕದಂಬರ ಕಾಲದ ಯುದ್ಧದಲ್ಲಿ ಕಾದಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಚ್ಚಾಗಿ, ಎಂದರೆ ಕತ್ತಿ ತೊಳೆದು ಕೊಡುವ ಕೊಡುಗೆಯಾಗಿ ಕೊಟ್ಟರು ಎಂಬುದು ಅದರ ಸಾರಾಂಶ. ಕನ್ನಡದ ಅತಿ ಹಳೆಯ ಬರಹಗಳಲ್ಲೊಂದು ಹೀಗೆ ಸೇವೆಯನ್ನು ಗುರುತಿಸಿದ ಬರಹವೇ ಆಗಿದೆ.

ಐನೂರು ವರ್ಷ ಮುಂದೆ ಬಂದರೆ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಎದುರಾಗುತ್ತದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949–50ರ ಸುಮಾರಿಗೆ ತಕ್ಕೋಲದಲ್ಲಿ ಚೋಳರ ವಿರುದ್ಧ ನಡೆದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ. ಬೂತುಗನ ಮುಂದೆ ನಿಂತು ಕಾದಿದವನು ಮಣಲೇರ. ಮೆಚ್ಚಿದ ಒಡೆಯ, ಬೇಕಾದ್ದನ್ನು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಂದಿಗೆ ಸೆಣಸಿ, ಎರಡೂ ಒಟ್ಟಿಗೆ ಸತ್ತವು. ಕಲ್ಲಿನ ಮೇಲ್ಭಾಗದಲ್ಲಿ ಆ ಸೆಣಸಾಟವನ್ನು ಬಿಡಿಸಿ, ಕಲ್ಲಿನ ಪೂಜೆಗೆಂದು ಕೆರೆಯ ಕೆಳಗಿನ ಗದ್ದೆಯನ್ನೂ ಬಿಟ್ಟರು. ಇದೇ ಶಾಸನ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಬೂತುಗನಿಗೆ ಬನವಾಸಿ, ಬೆಳ್ವೊಲ ಮುಂತಾದ ನಾಡುಗಳು ಸಂದವು. ಮಣಲೇರನಿಗೆ ಆತಕೂರಿನ ಸೀಮೆ ಬಾಳ್ಗಚ್ಚಾಗಿ ಸಂದಿತು.

ಈ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ಮುಖ್ಯವಾಗಿ ಕಾಣುವುದು ಮಣಲೇರನಿಗೆ ಸಿಕ್ಕಿದ್ದು ಎರಡು ಎಂಬುದು. ಒಂದು ಭೂಮಿ, ಎಂದರೆ ದುಡಿಮೆಗೆ ಸಲ್ಲಬೇಕಾದ ಬಾಕಿ. ಇನ್ನೊಂದು ಮನಸ್ಸು ಬಯಸಿದ ನಾಯಿ, ಎಂದರೆ ಮೆಚ್ಚು. ಒಂದು ಸಿಕ್ಕಿತೆಂದು ಇನ್ನೊಂದನ್ನು ತಪ್ಪಿಸಲಿಲ್ಲ. ದೀರ್ಘ ಸೇವೆಗೂ ಒಳ್ಳೆಯ ಕೆಲಸಕ್ಕೂ ಮನ್ನಣೆ ಕೊಡುವ ಇಂದಿನ ನಮ್ಮ ಏರ್ಪಾಡುಗಳನ್ನು ಒಟ್ಟಾಗಿ ನೋಡಿದರೆ, ಈ ಎರಡನ್ನು ಕಲಸಿಬಿಟ್ಟಿರುವುದೇ ಅವುಗಳ ದೊಡ್ಡ ದೋಷವೆಂದು ತೋರುತ್ತದೆ. ಬಾಕಿ ಕೊಡಬೇಕಾದ ಕಡೆ ಶಾಲು ಹೊದಿಸುತ್ತೇವೆ. ಮೆಚ್ಚಬೇಕಾದ ಕಡೆ ಅರ್ಜಿ ಕೇಳುತ್ತೇವೆ.

ಕೊಡಗಿಯಿಂದ ಬಿರುದಿನವರೆಗೆ

ನಮ್ಮ ಶಾಸನಗಳಲ್ಲಿ ಸೇವೆಯ ಪ್ರತಿಫಲಕ್ಕೆ ಇರುವಷ್ಟು ಪದಗಳು ಇಂದಿನ ಕಚೇರಿ ಕನ್ನಡದಲ್ಲಿಲ್ಲ. ಹೋರಾಡಿದವನಿಗೆ ಬಾಳ್ಗಚ್ಚು. ಮಡಿದವನ ಮನೆಯವರಿಗೆ ನೆತ್ತರುಗೊಡಗೆ. ಕೆರೆ ಕಟ್ಟಿದವನಿಗೆ ಕಟ್ಟುಗೊಡಗೆ. ಕಟ್ಟಿದ ಕೆರೆ ಹಾಳಾಗದಂತೆ ವರ್ಷವರ್ಷವೂ ನೋಡಿಕೊಳ್ಳುವುದಕ್ಕೆ ಬಿತ್ತುವಟ್ಟ. ಒಂದೊಂದು ಪದವೂ ಯಾವ ಕೆಲಸಕ್ಕೆ ಏನು ಸಂದಿತು ಎಂಬುದನ್ನು ಬಿಡಿಸಿ ಹೇಳುತ್ತದೆ. ಬಿತ್ತುವಟ್ಟದ ಹಿಂದಿನ ತಿಳಿವಳಿಕೆಯಂತೂ ದೊಡ್ಡದು. ಕಟ್ಟುವ ದಿನದ ಸಾಹಸಕ್ಕೆ ಹೊಗಳಿಕೆ ತಾನಾಗಿ ಬರುತ್ತದೆ. ಹೂಳೆತ್ತುವ, ಏರಿ ಭದ್ರಪಡಿಸುವ, ತೂಬು ಕಾಯುವ ಕೆಲಸ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಆ ಕೆಲಸಕ್ಕೂ ಆದಾಯ ಗೊತ್ತುಮಾಡಿದ್ದರಿಂದಲೇ ಬಯಲುಸೀಮೆಯ ಎಷ್ಟೋ ಕೆರೆಗಳು ನೂರಾರು ವರ್ಷ ನೀರು ಹಿಡಿದವು.

ಆದರೆ ಈ ವ್ಯವಸ್ಥೆಗೆ ಕತ್ತಲ ಮಗ್ಗುಲೂ ಇತ್ತು. ತೋಟಿ, ತಳವಾರ, ನೀರಗಂಟಿಯವರಿಗೆ ಸೇವೆಗಾಗಿ ಬಿಟ್ಟ ಇನಾಮು ಭೂಮಿ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು, ಅದರೊಡನೆ ಚಾಕರಿಯೂ ಇಳಿಯುತ್ತಿತ್ತು. ಪ್ರತಿಫಲವೆಂದು ಕೊಟ್ಟ ತುಂಡು ನೆಲವೇ ತಲೆಮಾರುಗಳ ಕಾಲಿಗೆ ಹಗ್ಗವಾಯಿತು. ಹುಟ್ಟಿನಿಂದ ಬಂದ ಈ ಗ್ರಾಮಾಧಿಕಾರಗಳನ್ನು ರದ್ದುಮಾಡಲು ಮೈಸೂರು ರಾಜ್ಯ 1961ರಲ್ಲಿ ಕಾಯ್ದೆ ಮಾಡಬೇಕಾಯಿತು. ಅದು 1963ರಲ್ಲಿ ಜಾರಿಗೆ ಬಂತು. ನೀರಗಂಟಿ ಎಂಬ ಹೆಸರು ಮಾತ್ರ ಉಳಿದಿದೆ. ಇಂದಿಗೂ ಗ್ರಾಮ ಪಂಚಾಯಿತಿಯಲ್ಲಿ ನಸುಕಿಗೆ ಎದ್ದು ಮೋಟಾರು ಹಾಕಿ, ವಾಲ್ವ್ ತಿರುಗಿಸಿ ಬೀದಿಬೀದಿಗೆ ನೀರು ಬಿಡುವವನನ್ನು ಊರು ಅದೇ ಹೆಸರಿನಿಂದ ಕರೆಯುತ್ತದೆ.

ಮೈಸೂರು ಅರಸರ ಕಾಲದಲ್ಲಿ ಮನ್ನಣೆ ಬಿರುದಿನ ರೂಪ ತಾಳಿತು. ಆಡಳಿತದಲ್ಲಿ ಒಳ್ಳೆಯ ಹೆಸರು ಮಾಡಿದವರಿಗೆ ಅರಮನೆಯಿಂದ ರಾಜಸೇವಾಸಕ್ತ, ರಾಜಸೇವಾಪ್ರಸಕ್ತ ಮುಂತಾದ ಬಿರುದುಗಳು ಸಲ್ಲುತ್ತಿದ್ದವು. ಅಂಥ ಬಿರುದಿನ ಗೌರವ ಪಡೆದವರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರೂ ಒಬ್ಬರು. ಮೈಸೂರು ಸಿವಿಲ್ ಸರ್ವಿಸ್ ಸೇರಿ ಮೂರು ದಶಕಗಳ ಹತ್ತಿರ ದುಡಿದ ಅವರು 1943ರಲ್ಲಿ ಕೆಲಸ ಬಿಟ್ಟರು. ತಮಗೆ ಸಲ್ಲಬೇಕಾಗಿದ್ದ ಮೇಲಿನ ಸ್ಥಾನ ತಮಗಿಂತ ಕಿರಿಯರೊಬ್ಬರಿಗೆ ಹೋದದ್ದೇ ಅದಕ್ಕೆ ಕಾರಣ. ಮಾಸ್ತಿಯವರು ಮಾತಿನಲ್ಲಿ ಮೃದು, ನಡತೆಯಲ್ಲಿ ಸೌಮ್ಯ. ಅಂಥವರೂ ಇದನ್ನು ನುಂಗಿಕೊಳ್ಳಲಿಲ್ಲ. ಸರದಿ ತಪ್ಪಿಸಿದ ಮೇಲೆ ಬಿರುದಿನಿಂದ ಮನಸ್ಸು ತುಂಬದು ಎಂಬುದಕ್ಕೆ ಇದಕ್ಕಿಂತ ಘನವಾದ ಸಾಕ್ಷಿ ಬೇಕಿಲ್ಲ.

ದಯೆ ಹಕ್ಕಾದ ಬಗೆ

ಇಪ್ಪತ್ತನೆಯ ಶತಮಾನದ ಕಾರ್ಮಿಕ ಹೋರಾಟಗಳು, ಕಾನೂನುಗಳು, ನ್ಯಾಯಾಲಯದ ತೀರ್ಪುಗಳು ಸೇರಿ ಮಾಡಿದ ದೊಡ್ಡ ಕೆಲಸವೆಂದರೆ ದೀರ್ಘ ಸೇವೆಯ ಪ್ರತಿಫಲವನ್ನು ಒಡೆಯನ ಮರ್ಜಿಯಿಂದ ಬಿಡಿಸಿದ್ದು. ಗ್ರಾಚ್ಯುಟಿಯ ಚರಿತ್ರೆಯೇ ಅದನ್ನು ಹೇಳುತ್ತದೆ. ಮೊದಲು ಅದು ಮಾಲೀಕ ಸಂತೋಷಪಟ್ಟು ಕೊಡುವ ಇನಾಮು. ಕೇರಳ ಮತ್ತು ಪಶ್ಚಿಮ ಬಂಗಾಳ ರಾಜ್ಯಗಳು ಮೊದಲು ಅದಕ್ಕೆ ಕಾನೂನು ಮಾಡಿದವು. 1972ರಲ್ಲಿ ಇಡೀ ದೇಶಕ್ಕೆ ಕಾಯ್ದೆ ಬಂತು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಐದು ವರ್ಷ ಬಿಡದೆ ಸೇವೆ ಮಾಡಿದವರಿಗೆ ವರ್ಷಕ್ಕೆ 15 ದಿನಗಳ ವೇತನದ ಲೆಕ್ಕದಲ್ಲಿ ಅದು ಸಲ್ಲಲೇಬೇಕು. ತಿಂಗಳನ್ನು 26 ಕೆಲಸದ ದಿನಗಳೆಂದು ಎಣಿಸುತ್ತಾರೆ. ಕೊನೆಯ ತಿಂಗಳ ವೇತನ 26,000 ರೂಪಾಯಿ ಇದ್ದವರಿಗೆ ವರ್ಷಕ್ಕೆ 15,000 ರೂಪಾಯಿಯಂತೆ 30 ವರ್ಷಕ್ಕೆ 4,50,000 ರೂಪಾಯಿ. 2018ರಿಂದ ಇದರ ಗರಿಷ್ಠ ಮಿತಿ 20 ಲಕ್ಷ ರೂಪಾಯಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡು, ಗೊತ್ತಾದ ಅವಧಿಗೆ ನೇಮಕಗೊಂಡವರಿಗೆ ಒಂದು ವರ್ಷದ ಸೇವೆಗೂ ಗ್ರಾಚ್ಯುಟಿಯ ಹಕ್ಕು ಕೊಟ್ಟಿದೆ. ಕಾರ್ಖಾನೆ ಮುಚ್ಚಿದರೂ ಈ ಹಣ ಮುಳುಗಬಾರದೆಂದು ಕರ್ನಾಟಕ 2024ರ ಜನವರಿಯಲ್ಲಿ ಮಾಲೀಕರಿಗೆ ಗ್ರಾಚ್ಯುಟಿ ವಿಮೆಯನ್ನು ಕಡ್ಡಾಯ ಮಾಡುವ ನಿಯಮಗಳನ್ನು ಹೊರಡಿಸಿತು.

ಪಿಂಚಣಿಯ ವಿಷಯದಲ್ಲಿ ನಕಾರಾ ಪ್ರಕರಣದ ತೀರ್ಪು ಮೈಲಿಗಲ್ಲು. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಪಿಂಚಣಿ ಸರ್ಕಾರದ ಕೃಪೆಯಲ್ಲವೆಂದೂ ದುಡಿದ ವರ್ಷಗಳಿಗೆ ಸಲ್ಲುವ ಪ್ರತಿಫಲವೆಂದೂ ಸ್ಪಷ್ಟಪಡಿಸಿತು. ಆ ದಿನವನ್ನು ನಿವೃತ್ತರು ಇಂದಿಗೂ ಪಿಂಚಣಿದಾರರ ದಿನವಾಗಿ ಆಚರಿಸುತ್ತಾರೆ. ಇನ್ನೊಂದು ಪ್ರಕರಣ ನಮ್ಮ ರಾಜ್ಯದ್ದೇ. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದಿಂದ ನಿವೃತ್ತರಾದವರು ಕೊನೆಯ ವರ್ಷವಿಡೀ ದುಡಿದಿದ್ದರು. ಆ ವರ್ಷದ ವೇತನಬಡ್ತಿ ಕೈಸೇರುವ ದಿನಾಂಕ ಮಾತ್ರ ನಿವೃತ್ತಿಯ ಮರುದಿನ. ಮರುದಿನ ಸೇವೆಯಲ್ಲಿ ಇರಲಿಲ್ಲವೆಂದು ಅದನ್ನು ನಿರಾಕರಿಸಲಾಗಿತ್ತು. 2023ರ ಏಪ್ರಿಲ್ 11ರಂದು ಸುಪ್ರೀಂ ಕೋರ್ಟ್ ನೌಕರರ ಪರ ತೀರ್ಪಿತ್ತಿತು. ವರ್ಷಪೂರ್ತಿ ಒಳ್ಳೆಯ ನಡತೆಯಿಂದ ದುಡಿದಾಗಲೇ ಆ ಬಡ್ತಿ ಗಳಿಕೆಯಾಗಿದೆ, ಮರುದಿನದ ನೆಪದಲ್ಲಿ ಅದನ್ನು ಕಿತ್ತುಕೊಳ್ಳಲಾಗದು ಎಂಬುದು ಆ ತೀರ್ಪಿನ ತಿರುಳು. ಒಂದು ದಿನದ ಅಂತರಕ್ಕಾಗಿ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತೆಂಬುದು ನೋವಿನ ಮಾತು. ಆದರೂ ಸೇವೆಯ ಪ್ರತಿಯೊಂದು ದಿನಕ್ಕೂ ಬೆಲೆಯಿದೆ ಎಂದು ಅದರಿಂದ ಸ್ಥಾಪಿತವಾಯಿತು.

ಬಡ್ತಿಯ ಖಾಲಿ ಹುದ್ದೆ ಇಲ್ಲದೆ ಒಂದೇ ಕುರ್ಚಿಯಲ್ಲಿ ಕೂದಲು ನರೆಸಿಕೊಳ್ಳುವ ಗುಮಾಸ್ತ, ಶಿಕ್ಷಕ, ಗ್ರೂಪ್ ‘ಡಿ’ ನೌಕರರಿಗಾಗಿ ಕರ್ನಾಟಕದಲ್ಲಿ ಕಾಲಮಿತಿ ಬಡ್ತಿಯ ನಿಯಮ 1983ರಲ್ಲಿ ಬಂತು. ಒಂದೇ ಹುದ್ದೆಯಲ್ಲಿ 10 ವರ್ಷ ಕಳೆದವರಿಗೆ ಮೇಲಿನ ವೇತನಶ್ರೇಣಿ; 15 ವರ್ಷಕ್ಕೆ ಇನ್ನೊಂದು; ಆಮೇಲೆ 20, 25, 30 ವರ್ಷಗಳಿಗೆ ಹೆಚ್ಚುವರಿ ವೇತನಬಡ್ತಿಗಳು. ಇದರಲ್ಲಿ ಸಮಾರಂಭವಿಲ್ಲ, ಫೋಟೋ ಇಲ್ಲ. ಎಸ್‌ಆರ್ ಪುಸ್ತಕದಲ್ಲಿ, ಎಂದರೆ ಸೇವಾಪುಸ್ತಕದಲ್ಲಿ, ಒಂದು ನಮೂದು, ಮುಂದಿನ ತಿಂಗಳ ಸಂಬಳದಲ್ಲಿ ಒಂದಿಷ್ಟು ಹೆಚ್ಚಳ. ಯಾರನ್ನೂ ಓಲೈಸದೆ, ಯಾರ ಮುಂದೂ ನಿಲ್ಲದೆ ಸಿಗುವ ಇಂಥ ಮನ್ನಣೆಯೇ ನನ್ನ ಕಣ್ಣಿಗೆ ಎಲ್ಲಕ್ಕಿಂತ ಮರ್ಯಾದೆಯದು.

ಲೆಕ್ಕಕ್ಕೆ ಸಿಗದ ವರ್ಷಗಳು

ಈ ಹಕ್ಕುಗಳಲ್ಲಿ ಹೆಚ್ಚಿನವು ಎಸ್‌ಆರ್ ಪುಸ್ತಕ ಇರುವವರಿಗೆ. ಅದು ಇಲ್ಲದವರ ದುಡಿಮೆ ಎಷ್ಟೇ ಉದ್ದವಾಗಿದ್ದರೂ ಕಾಗದದ ಮೇಲೆ ಅದು ದೀರ್ಘ ಸೇವೆಯಾಗದು. 2006ರ ಏಪ್ರಿಲ್ ತಿಂಗಳಲ್ಲಿ ಹತ್ತು ದಿನಗಳ ಒಳಗೆ ಕರ್ನಾಟಕದ ದುಡಿಯುವವರ ಬದುಕನ್ನು ತಿರುಗಿಸಿದ ಎರಡು ಸಂಗತಿಗಳು ನಡೆದವು. ಏಪ್ರಿಲ್ 1ರಿಂದ ಸೇವೆಗೆ ಸೇರಿದ ರಾಜ್ಯ ನೌಕರರಿಗೆ ಹಳೆಯ ಪಿಂಚಣಿ ನಿಂತು ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್ ಬಂತು. ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಉಮಾದೇವಿ ಪ್ರಕರಣದ ತೀರ್ಪು ಕೊಟ್ಟಿತು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಮೊಕದ್ದಮೆ ಅದು. ನೇಮಕಾತಿಯ ಕ್ರಮ ತಪ್ಪಿಸಿ ಬಂದವರು ಬಹುಕಾಲ ದುಡಿದರೆಂಬ ಮಾತ್ರಕ್ಕೆ ಖಾಯಂ ಆಗುವ ಹಕ್ಕು ಪಡೆಯರು ಎಂದಿತು ಪೀಠ. ಮಂಜೂರಾದ ಹುದ್ದೆಗಳಲ್ಲಿ ನ್ಯಾಯಾಲಯದ ಆದೇಶದ ನೆರವಿಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಸಲ ಪರಿಗಣಿಸಬಹುದೆಂದೂ ಹೇಳಿತು. ಹಿಂಬಾಗಿಲಿನ ನೇಮಕಾತಿ ತಡೆಯಬೇಕೆಂಬ ಅದರ ಕಾಳಜಿ ನ್ಯಾಯವಾದದ್ದೇ. ಆದರೆ ಇಲಾಖೆಗಳು ಆ ತೀರ್ಪನ್ನು ಗುರಾಣಿ ಮಾಡಿಕೊಂಡು, ಖಾಯಂ ಕೆಲಸಕ್ಕೆ ಹಂಗಾಮಿ ಜನರನ್ನು ವರ್ಷಗಟ್ಟಲೆ ದುಡಿಸಿಕೊಂಡವು. ಕೇಂದ್ರ ಜಲ ಆಯೋಗದಲ್ಲಿ ದಶಕಗಳ ಕಾಲ ಗುಡಿಸಿದ, ತೋಟ ನೋಡಿದ ಕೆಲಸಗಾರರ ಪ್ರಕರಣದಲ್ಲಿ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಈ ದುರ್ಬಳಕೆಯನ್ನು ಖಂಡಿಸಿತು.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ಬದುಕನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಅವರು ದಿನಗೂಲಿಯವರಾಗಿದ್ದರು. ಯಾವ ತಾಯಿಮರದ ಬೀಜ ಚೆನ್ನಾಗಿ ಮೊಳೆಯುತ್ತದೆ, ಅದನ್ನು ಯಾವಾಗ ಆರಿಸಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ಆ ಅರಿವನ್ನು ಕಂಡೇ ಇಲಾಖೆ ಕೊನೆಗೆ ಖಾಯಂ ಕೆಲಸ ಕೊಟ್ಟಿತು. ರಾಜ್ಯೋತ್ಸವ ಪ್ರಶಸ್ತಿ ಬಂತು. 2021ರ ನವೆಂಬರ್‌ನಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದು ಪದ್ಮಶ್ರೀ ಸ್ವೀಕರಿಸಿದಾಗ ನಾಡು ಹೆಮ್ಮೆಪಟ್ಟಿತು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಆ ಹೆಮ್ಮೆ ನನ್ನದೂ ಹೌದು. ಅದರ ಜೊತೆಗೇ, ಅವರ ಪಕ್ಕದಲ್ಲಿ ಕೂತು ಅದೇ ಮಣ್ಣಿನ ಚೀಲಗಳನ್ನು ತುಂಬಿದ ಉಳಿದ ಹೆಂಗಸರ ವರ್ಷಗಳನ್ನು ಯಾರು ಎಣಿಸಿದರು ಎಂಬ ಪ್ರಶ್ನೆಯೂ ನನ್ನನ್ನು ಬಿಡುವುದಿಲ್ಲ.

ಅಂಗನವಾಡಿಯ ಕಥೆಯೂ ಹಾಗೆಯೇ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ದ ಜಾಗ ತಿರುಮಕೂಡಲು ನರಸೀಪುರ. ಅಂದಿನಿಂದ ಅಂಗನವಾಡಿ ಟೀಚರ್, ಸಹಾಯಕಿಯರು ಊರ ಮಕ್ಕಳಿಗೆ ಉಣಬಡಿಸಿ, ತೂಕ ಹಿಡಿದು, ಅಕ್ಷರ ಕಲಿಸಿದ್ದಾರೆ. ಅವರಿಗೆ ಸಿಗುವುದನ್ನು ಸರ್ಕಾರ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತದೆ. ಹೆಸರಿನಲ್ಲಿ ಗೌರವವಿದ್ದರೂ ನಿವೃತ್ತಿಯ ದಿನ ಗ್ರಾಚ್ಯುಟಿ ಕೈಗೆ ಬರುತ್ತಿರಲಿಲ್ಲ. ಅವರು ಗ್ರಾಚ್ಯುಟಿಗೆ ಅರ್ಹರು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್ 25ರಂದು, ಯೋಜನೆ ಆರಂಭವಾಗಿ ನಲವತ್ತಾರು ವರ್ಷಗಳ ಮೇಲೆ. ಬೆಂಗಳೂರಿನ ಪೌರಕಾರ್ಮಿಕರದೂ ದೀರ್ಘ ಕಾಯುವಿಕೆ. 2025ರ ಮೇ ದಿನದಂದು 12,692 ಪೌರಕಾರ್ಮಿಕರಿಗೆ ಖಾಯಂ ನೇಮಕಾತಿ ಆದೇಶ ಸಿಕ್ಕಿತು. ಪ್ರತಿ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನದಲ್ಲಿ ಹೊದಿಸುವ ಶಾಲಿಗಿಂತ ಆ ಒಂದು ಹಾಳೆ ಎಷ್ಟು ಬೆಚ್ಚಗಿತ್ತು ಎಂಬುದನ್ನು ಅದನ್ನು ಎದೆಗವಚಿಕೊಂಡವರೇ ಬಲ್ಲರು.

ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇನ್ನೊಂದು ಪಾಠ ಕಲಿಸಿದ್ದಾರೆ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಅವರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಮಗಳ ಫೀಸು, ಮನೆಯ ಮುಂಗಡ, ಆಸ್ಪತ್ರೆಯ ಖರ್ಚು ಎದುರಿಗಿರುವ ಕೆಲಸಗಾರ್ತಿಗೆ ಇಳಿವಯಸ್ಸಿನ ಪ್ರತಿಫಲ ಬಹಳ ದೂರದ್ದು. ಮಷಿನ್ ಮುಂದೆ ಅಷ್ಟು ವರ್ಷ ಕೂರಲು ದೇಹ ಒಪ್ಪುತ್ತದೆಂಬ ಭರವಸೆಯೂ ಇಲ್ಲ. ದೀರ್ಘ ಸೇವೆಯನ್ನು ಗೌರವಿಸುವ ಮಾತಾಡುವ ಮೊದಲು, ದೀರ್ಘ ಕಾಲ ಬಾಳಿಕೊಂಡು ಮಾಡಬಹುದಾದ ಕೆಲಸವನ್ನು ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ಪದಕ, ಪ್ರಶಸ್ತಿ, ಅರ್ಜಿ

ಇನ್ನು ಮೆಚ್ಚಿನ ಮಾತು. ಬಾಕಿ ಎಲ್ಲರಿಗೂ ಒಂದೇ ನಿಯಮದಲ್ಲಿ ಸಲ್ಲಬೇಕು. ಮೆಚ್ಚು ಹಾಗಲ್ಲ, ಅದು ಕೆಲಸವನ್ನು ಕಣ್ಣಾರೆ ಕಂಡವರ ಮನಸ್ಸಿನಿಂದ ಹುಟ್ಟಬೇಕು.

ನನಗೆ ಬಹಳ ಹಿಡಿಸಿದ ಏರ್ಪಾಡು ಕೆಎಸ್‌ಆರ್‌ಟಿಸಿಯದು. ಐದು ವರ್ಷ ಅಪಘಾತವಿಲ್ಲದೆ ಬಸ್ಸು ಓಡಿಸಿದ ಚಾಲಕರಿಗೆ ಬೆಳ್ಳಿ ಪದಕ, ಹದಿನೈದು ವರ್ಷಕ್ಕೆ ಚಿನ್ನದ ಪದಕ. ಚಾಲಕನ ಒಳ್ಳೆಯ ಕೆಲಸ ಎಂದರೇನು? ಮಳೆಗಾಲದ ರಾತ್ರಿ ಶಿರಾಡಿ ಘಾಟಿಯ ತಿರುವಿನಲ್ಲಿ ಆಗಬಹುದಾಗಿದ್ದು ಆಗದೆ ಹೋದದ್ದು. ಹಿಂದಿನ ಸೀಟಿನಲ್ಲಿ ಮಲಗಿದ್ದ ಪ್ರಯಾಣಿಕನಿಗೆ ಅದರ ಸುಳಿವೂ ಇರುವುದಿಲ್ಲ. ಬೆಳಗ್ಗೆ ಊರು ಬಂತೆಂದು ಇಳಿದು ಹೋಗುತ್ತಾನೆ. ಸುದ್ದಿಯಾಗದ ಇಂಥ ಕೆಲಸವನ್ನು ಅಳೆದು, ವರ್ಷಗಳನ್ನು ಎಣಿಸಿ, ಸಮವಸ್ತ್ರದ ಮೇಲೆ ಕಾಣುವಂತೆ ತೊಡಿಸುವುದು ಒಳ್ಳೆಯ ಮನ್ನಣೆ. ಇಲ್ಲಿ ಅಳತೆ ಎಲ್ಲರಿಗೂ ಗೊತ್ತು. ಎಷ್ಟು ಜನ ಆ ಅಳತೆ ಮುಟ್ಟುತ್ತಾರೋ ಅಷ್ಟು ಜನರಿಗೂ ಪದಕ. ಒಬ್ಬನಿಗೆ ಸಿಕ್ಕಿತೆಂದು ಇನ್ನೊಬ್ಬನಿಗೆ ತಪ್ಪುವುದಿಲ್ಲ.

ಪ್ರಶಸ್ತಿಗಳ ಸ್ಥಿತಿ ಬೇರೆ. 1947ರ ಏಪ್ರಿಲ್ 21ರಂದು ಸರ್ದಾರ್ ಪಟೇಲರು ದೆಹಲಿಯಲ್ಲಿ ಹೊಸ ಆಡಳಿತಾಧಿಕಾರಿಗಳನ್ನು ಉದ್ದೇಶಿಸಿ ಮಾತನಾಡಿದ ನೆನಪಿಗೆ ಆ ದಿನ ನಾಗರಿಕ ಸೇವಾ ದಿನ. ಕರ್ನಾಟಕದಲ್ಲಿ ಅದು ರಾಜ್ಯ ಸರ್ಕಾರಿ ನೌಕರರ ದಿನವೂ ಹೌದು. ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಸರ್ವೋತ್ತಮ ಸೇವಾ ಪ್ರಶಸ್ತಿಗಳನ್ನು ಕೊಡುತ್ತಾರೆ. ಸೆಪ್ಟೆಂಬರ್ 5ಕ್ಕೆ ಉತ್ತಮ ಶಿಕ್ಷಕ ಪ್ರಶಸ್ತಿಗಳು. ಪಡೆದವರಲ್ಲಿ ನಿಜಕ್ಕೂ ದೊಡ್ಡ ಕೆಲಸ ಮಾಡಿದವರಿದ್ದಾರೆ. ಕ್ರಮದ ಬಗ್ಗೆ ಮಾತ್ರ ನನಗೆ ತಕರಾರಿದೆ. ಶಿಕ್ಷಕರ ರಾಷ್ಟ್ರಪ್ರಶಸ್ತಿಗೆ 2018ರಿಂದ ಶಿಕ್ಷಕರೇ ತಮ್ಮ ಹೆಸರನ್ನು ಆನ್‌ಲೈನ್‌ನಲ್ಲಿ ಸೂಚಿಸಿಕೊಳ್ಳುವ ವ್ಯವಸ್ಥೆ ಬಂದಿದೆ. ಶಿಫಾರಸು, ವಶೀಲಿ ತಪ್ಪಲಿ ಎಂಬುದು ಅದರ ಒಳ್ಳೆಯ ಉದ್ದೇಶ. ಆದರೆ ತನ್ನ ಒಳ್ಳೆಯತನಕ್ಕೆ ತಾನೇ ಫೋಟೋ, ಪತ್ರಿಕಾ ತುಣುಕು, ಪ್ರಮಾಣಪತ್ರ ಜೋಡಿಸಿ ಕಡತ ಕಟ್ಟುವುದು ಎಲ್ಲರಿಂದಾಗುವ ಕೆಲಸವಲ್ಲ. ಗುಡ್ಡದಂಚಿನ ಏಕೋಪಾಧ್ಯಾಯ ಶಾಲೆಯಲ್ಲಿ ಐದು ತರಗತಿ ನಡೆಸಿ, ಬಿಸಿಯೂಟದ ಲೆಕ್ಕ ಬರೆದು, ಬಿಟ್ಟುಹೋದ ಮಗುವನ್ನು ಮನೆಯಿಂದ ಕರೆತರುವ ಮೇಷ್ಟರಿಗೆ ಕಡತ ಕಟ್ಟಲು ಹೊತ್ತಿಲ್ಲ. ಸಂಕೋಚವೂ ಬಿಡುವುದಿಲ್ಲ.

ಮನ್ನಣೆ ಮನುಷ್ಯನ ಮೇಲೆ ಏನು ಮಾಡುತ್ತದೆ ಎಂಬುದನ್ನು ವಿದ್ವಾಂಸರೂ ಪರೀಕ್ಷಿಸಿದ್ದಾರೆ. 1959ರಲ್ಲಿ ಫ್ರೆಡ್ರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಅಮೆರಿಕದ ಇಂಜಿನಿಯರು, ಲೆಕ್ಕಿಗರನ್ನು ಮಾತಾಡಿಸಿ ಬರೆದ ಪುಸ್ತಕದಲ್ಲಿ ಒಂದು ವಿಂಗಡಣೆ ಮಾಡಿದರು. ಸಂಬಳ, ಕೆಲಸದ ಸ್ಥಿತಿಗತಿ ಕೆಟ್ಟರೆ ಜನ ಕುದಿಯುತ್ತಾರೆ, ಸರಿಯಿದ್ದರೆ ಕುದಿತ ನಿಲ್ಲುತ್ತದೆ ಅಷ್ಟೆ. ಉತ್ಸಾಹ ಹುಟ್ಟುವುದು ಸಾಧಿಸಿದ ತೃಪ್ತಿಯಿಂದ, ಗುರುತಿಸಿಕೊಂಡ ಸಂತೋಷದಿಂದ. ಆ ಮೇಲೆ ಈ ವಿಂಗಡಣೆಗೆ ಅನೇಕ ಆಕ್ಷೇಪಗಳು ಬಂದಿವೆ. ಆದರೂ ಬಾಕಿಯ ಕೆಲಸವನ್ನು ಮೆಚ್ಚು ಮಾಡದು, ಮೆಚ್ಚಿನ ಕೆಲಸವನ್ನು ಬಾಕಿ ಮಾಡದು ಎಂಬ ಅದರ ತಿರುಳು ನಮ್ಮ ಅನುಭವಕ್ಕೂ ಒಪ್ಪುತ್ತದೆ. ಜಾಂಬಿಯಾ ದೇಶದಲ್ಲಿ ಕ್ಷೌರಿಕರ ಮೂಲಕ ಕಾಂಡೋಮ್ ಮಾರುವ ಆರೋಗ್ಯ ಯೋಜನೆಯ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಕಮಿಷನ್ ಹಣ ಪಡೆದವರಿಗಿಂತ, ಮಾರಿದ ಪ್ರತಿ ಪೊಟ್ಟಣಕ್ಕೂ ಅಂಗಡಿಯ ಗೋಡೆಯ ಫಲಕದ ಮೇಲೆ ನಕ್ಷತ್ರದ ಗುರುತು ಪಡೆದವರು ದುಪ್ಪಟ್ಟು ಮಾರಿದ್ದರು. ಊರಿಗೆ ಉಪಕಾರವಾಗುವ ಕೆಲಸ ಊರಿನ ಕಣ್ಣಿಗೆ ಕಂಡದ್ದೇ ಅವರಿಗೆ ದೊಡ್ಡದಾಗಿತ್ತು.

ತಿರುಗುಬಾಣವಾದ ಉದಾಹರಣೆಯೂ ಇದೆ. ಅಮೆರಿಕದ ಬಟ್ಟೆ ಒಗೆಯುವ ಕಾರ್ಖಾನೆಯೊಂದು ತಪ್ಪದೆ ಹೊತ್ತಿಗೆ ಸರಿಯಾಗಿ ಬರುವವರಿಗೆ ಬಹುಮಾನ ಇಟ್ಟಿತು. ತಡವಾಗಿ ಬರುತ್ತಿದ್ದವರು ಬಹುಮಾನದ ಆಸೆಯಿರುವಷ್ಟು ದಿನ ಬೇಗ ಬಂದರು. ಮೊದಲಿನಿಂದಲೂ ಹೊತ್ತಿಗೆ ಬಂದು ಚೆನ್ನಾಗಿ ದುಡಿಯುತ್ತಿದ್ದವರ ಹುರುಪು ಮಾತ್ರ ಕುಗ್ಗಿತು. ತಮ್ಮ ಸಹಜ ನಿಷ್ಠೆಯನ್ನು ಯಾರೂ ನೋಡಲಿಲ್ಲವೆಂಬ ನೋವು ಅವರದಾಗಿರಬೇಕು. ಬಹುಮಾನ ಹಾಕುವಾಗ ಅದು ಯಾರನ್ನು ಮೇಲೆತ್ತುತ್ತದೆ ಎಂಬುದರಷ್ಟೇ ಯಾರನ್ನು ಕಾಣದಂತೆ ಮಾಡುತ್ತದೆ ಎಂಬುದನ್ನೂ ಯೋಚಿಸಬೇಕೆಂದು ಇದರಿಂದ ಕಲಿಯಬಹುದು.

ಕೈಗಡಿಯಾರದಿಂದ ಷೇರಿನವರೆಗೆ

ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾಲದ ಮನೆಗಳ ಷೋಕೇಸಿನಲ್ಲಿ ಇಪ್ಪತ್ತೈದು ವರ್ಷದ ಸೇವೆಗೆ ಸಿಕ್ಕ ಬೆಳ್ಳಿನಾಣ್ಯ, ಫಲಕ, ಕೈಗಡಿಯಾರಗಳು ಈಗಲೂ ಇವೆ. ಆ ಗಡಿಯಾರ ಎಷ್ಟೋ ಸಲ ಎಚ್‌ಎಂಟಿಯದೇ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆ ಇಡೀ ದೇಶದ ಕೈಗೆ ಹೊತ್ತು ಕಟ್ಟಿತು. ಅದೇ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಕಾರ್ಮಿಕರು ಸ್ವಯಂನಿವೃತ್ತಿ ಪಡೆದು ಹೊರಬಂದರು. ಅವರಲ್ಲಿ ಅನೇಕರಿಗೆ ಕಳೆದುಹೋದದ್ದು ಸಂಬಳವಷ್ಟೇ ಆಗಿರಲಿಲ್ಲ. ‘ನಾನು ಎಚ್‌ಎಂಟಿ’ ಎಂದು ಹೇಳಿಕೊಳ್ಳುವ ಹೆಮ್ಮೆಯೂ ಹೋಯಿತು. ದೀರ್ಘ ಸೇವೆ ಎಂಬುದು ಎರಡು ಕೈಗಳ ಒಪ್ಪಂದ. ನೌಕರ ಉಳಿಯಬೇಕು, ಸಂಸ್ಥೆಯೂ ಉಳಿಯಬೇಕು.

ಐಟಿ ಉದ್ಯಮ ಬಂದ ಮೇಲೆ ಪ್ರತಿಫಲದ ರೂಪ ಬದಲಾಯಿತು. 1990ರ ದಶಕದಲ್ಲಿ ಇನ್ಫೋಸಿಸ್ ನೌಕರರಿಗೆ ಷೇರು ಹಂಚಿ, ದುಡಿದವರೂ ಸಂಪತ್ತಿನ ಪಾಲುದಾರರು ಎಂಬ ಮಾತಿಗೆ ನಮ್ಮ ಊರಿನಲ್ಲಿ ಅರ್ಥ ತಂದುಕೊಟ್ಟಿತು. ಈಗ ಮೂರು ವರ್ಷ ಒಂದೇ ಕಡೆ ನಿಂತರೆ ಹಳಬರೆನ್ನುವ ಕಾಲ. ಸಂಬಳ ಹೆಚ್ಚಬೇಕಾದರೆ ಕಂಪನಿ ಬದಲಿಸಬೇಕು ಎಂಬುದು ಯುವಕರ ಅನುಭವ. ಹೊಸಬರಿಗೆ ಹಳಬರಿಗಿಂತ ಹೆಚ್ಚು ಸಂಬಳ ಕೊಟ್ಟು, ಆಮೇಲೆ ನಿಷ್ಠೆಯ ಬಗ್ಗೆ ಭಾಷಣ ಮಾಡಿದರೆ ಆ ಮಾತು ಯಾರ ಕಿವಿಗೂ ಇಳಿಯದು.

ಬೈಕಿನ ಮೇಲೆ ಊಟ ತಲುಪಿಸುವ, ಟ್ಯಾಕ್ಸಿ ಓಡಿಸುವ ಹುಡುಗರ ಸೇವಾಪುಸ್ತಕವೆಂದರೆ ಫೋನಿನಲ್ಲಿ ಬೀಳುವ ನಕ್ಷತ್ರಗಳು. ಸಾವಿರ ದಿನದ ಒಳ್ಳೆಯ ಕೆಲಸ ಒಂದು ದಿನದ ದೂರಿನಲ್ಲಿ ಮುಳುಗಬಹುದು. ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋದರೆ ಗಳಿಸಿದ ಹೆಸರು ಅಲ್ಲೇ ಉಳಿಯುತ್ತದೆ. ಕರ್ನಾಟಕ 2025ರಲ್ಲಿ ಇವರಿಗಾಗಿ ಸಾಮಾಜಿಕ ಭದ್ರತೆಯ ಕಾಯ್ದೆ ಮಾಡಿ, ನೋಂದಣಿಗೂ ಕ್ಷೇಮನಿಧಿಗೂ ದಾರಿ ತೆರೆದಿದೆ. ಅಲ್ಲಿ ದುಡಿದ ವರ್ಷಗಳೂ ದಾಖಲಾಗಿ, ಆ ದಾಖಲೆ ದುಡಿದವನ ಕೈಯಲ್ಲೇ ಇರುವಂತಾಗಬೇಕು.

ಕೊಡುವವರು ಕಲಿಯಬೇಕಾದ್ದು

ಕಾಯಕವೇ ಪೂಜೆ ಎಂದು ನಂಬಿದ ನಾಡಿನಲ್ಲಿ ಪ್ರತಿಫಲದ ಮಾತು ಸಣ್ಣದೆಂದು ಕೆಲವರಿಗೆ ಅನ್ನಿಸಬಹುದು. ಶರಣರ ಪರಂಪರೆ ಹಾಗೆ ಹೇಳಿಲ್ಲ. ಗಂಡ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಹೆಚ್ಚಿನದನ್ನು ಮರಳಿಸಿ ಬರಲು ಹೇಳಿದಳೆಂಬ ಕಥೆ ಎಲ್ಲರಿಗೂ ಗೊತ್ತು. ಆಕೆಯ ನಿಷ್ಠುರತೆ ಅಳತೆಯ ಬಗ್ಗೆ. ಹೆಚ್ಚು ತೆಗೆದುಕೊಳ್ಳುವುದು ತಪ್ಪಾದರೆ ಕಡಿಮೆ ಕೊಡುವುದೂ ತಪ್ಪು. ಕಾಯಕದ ಹೆಸರು ಹೇಳಿ ದುಡಿದವರ ಅಳತೆ ತಗ್ಗಿಸುವವರು ಆ ಕಥೆಯ ಅರ್ಧವನ್ನಷ್ಟೇ ಕೇಳಿಸಿಕೊಂಡಿದ್ದಾರೆ.

ಹಾಗಾದರೆ ಮೊದಲು ಬಾಕಿ. ತಿಂಗಳ ಕೊನೆಯ ದಿನ ಮಧ್ಯಾಹ್ನ ಯಾವುದೇ ಸರ್ಕಾರಿ ಕಚೇರಿಗೆ ಹೋದರೆ ಬೀಳ್ಕೊಡುಗೆ ನಡೆಯುತ್ತಿರುತ್ತದೆ. ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ನಾಲ್ಕು ಒಳ್ಳೆಯ ಮಾತು. ಮನೆಯವರೂ ಬಂದು ಕೂತಿರುತ್ತಾರೆ. ಆ ದಿನ ಪೇಟ ತೊಟ್ಟ ವ್ಯಕ್ತಿ ಮರುತಿಂಗಳಿಂದ ತನ್ನ ಪಿಂಚಣಿ ಕಡತ ಯಾವ ಮೇಜಿನಲ್ಲಿದೆ ಎಂದು ಕೇಳುತ್ತ ಅದೇ ಮೆಟ್ಟಿಲು ಹತ್ತುವುದನ್ನು ನಾನು ಕಂಡಿದ್ದೇನೆ. ತಾನು ತರಬೇತಿ ಕೊಟ್ಟ ಹುಡುಗನ ಎದುರು ಕೈಕಟ್ಟಿ ನಿಂತ ಆ ಮುಖವನ್ನು ಮರೆಯಲಾಗಿಲ್ಲ. ನಿವೃತ್ತಿಯ ದಿನವೇ ಪಿಂಚಣಿ ಆದೇಶ, ಗ್ರಾಚ್ಯುಟಿ, ರಜೆಯ ಹಣ ಕೈಗಿಡುವ ಕಚೇರಿ ಶಾಲು ಹೊದಿಸದಿದ್ದರೂ ನಡೆಯುತ್ತದೆ. ನಿವೃತ್ತಿಯ ದಿನಾಂಕ ವರ್ಷಗಳ ಮೊದಲೇ ಗೊತ್ತಿರುವ ಸಂಗತಿ. ತಡವಾಗಲು ಕಾರಣವೇ ಇಲ್ಲ.

ಎರಡನೆಯದು, ವರ್ಷಗಳ ಎಣಿಕೆ. ಗುತ್ತಿಗೆ, ಹೊರಗುತ್ತಿಗೆ, ದಿನಗೂಲಿ ಎಂದು ಹೆಸರು ಏನೇ ಇರಲಿ, ಗುತ್ತಿಗೆದಾರ ಎಷ್ಟು ಸಲ ಬದಲಾಗಲಿ, ಅದೇ ವಾರ್ಡು, ಅದೇ ರಸ್ತೆ, ಅದೇ ಆಸ್ಪತ್ರೆಯಲ್ಲಿ ದುಡಿದ ಮನುಷ್ಯನ ವರ್ಷಗಳು ಅವನ ಹೆಸರಿನಲ್ಲಿ ಒಂದೇ ಕಡೆ ಬರೆದಿರಬೇಕು. ಬರೆದ ಮೇಲೆ ಹಕ್ಕು ಕೇಳಲು ಒಂದು ನೆಲೆ ಸಿಗುತ್ತದೆ.

ಮೂರನೆಯದು, ಹುಡುಕಿ ಮೆಚ್ಚುವುದು. ಪ್ರಶಸ್ತಿಗೆ ಅರ್ಜಿ ಕರೆಯುವ ಬದಲು ಆಯ್ಕೆ ಮಾಡುವವರು ಎದ್ದು ಹೋಗಿ ನೋಡಬೇಕು. ಶಾಲೆಯ ಬಗ್ಗೆ ತಾಯಂದಿರನ್ನು, ವಾರ್ಡಿನ ಬಗ್ಗೆ ರೋಗಿಗಳನ್ನು, ಲೈನ್‌ಮನ್ ಬಗ್ಗೆ ಹಳ್ಳಿಯವರನ್ನು, ಗುಮಾಸ್ತರ ಬಗ್ಗೆ ಸಹೋದ್ಯೋಗಿಗಳನ್ನು ಕೇಳಬೇಕು. ಮೆಚ್ಚಿದ್ದನ್ನು ಹೇಳುವಾಗ ‘ದಕ್ಷ, ಪ್ರಾಮಾಣಿಕ’ ಎಂಬ ಅಚ್ಚಿನ ಮಾತು ಬಿಟ್ಟು, ಇಂಥ ದಿನ ಇಂಥ ಕೆಲಸ ಮಾಡಿದಿರಿ, ಅದರಿಂದ ಇಂಥವರಿಗೆ ಉಪಕಾರವಾಯಿತು ಎಂದು ಬಿಡಿಸಿ ಹೇಳಬೇಕು. ವೀರಗಲ್ಲು ಕಡೆದವರು ಕಾದಿದವನ ಹೆಸರಿನ ಜೊತೆ ಕಾದಿದ ಕಾರಣವನ್ನೂ ಕಲ್ಲಿಗೆ ಹಾಕುತ್ತಿದ್ದರು. ತುರುಗಳನ್ನು ಬಿಡಿಸಿದವನ ಕಲ್ಲಿನಲ್ಲಿ ತುರುಗಳೂ ಇರುತ್ತವೆ. ಅದನ್ನು ನೋಡಿದ ಮೊಮ್ಮಗನಿಗೆ ಅಜ್ಜ ಮಾಡಿದ್ದೇನು ಎಂಬುದು ಓದುಬರಹವಿಲ್ಲದೆಯೂ ತಿಳಿಯುತ್ತಿತ್ತು.

ಕೊನೆಯದು ಆತಕೂರಿನ ಪಾಠ. ಬೂತುಗ ತನಗೆ ತೋಚಿದ್ದನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ನಿನಗೇನು ಬೇಕೆಂದು ಕೇಳಿದ. ಕೇಳಿದ್ದರಿಂದಲೇ, ಕಾಳಗ ಗೆದ್ದ ಯೋಧನ ಮನಸ್ಸಿನಲ್ಲಿ ಒಂದು ನಾಯಿ ಇದೆ ಎಂಬುದು ಹೊರಬಂತು. ಮೂವತ್ತು ವರ್ಷ ದುಡಿದ ನರ್ಸನ್ನು ಕೇಳಿದರೆ ಇನ್ನು ರಾತ್ರಿ ಪಾಳಿ ಬೇಡ ಎನ್ನಬಹುದು. ಹಳ್ಳಿಯ ಮೇಷ್ಟರು ಶಾಲೆಗೆ ಒಂದು ಕೊಳವೆಬಾವಿ ಕೇಳಬಹುದು. ಪೌರಕಾರ್ಮಿಕಳು ಮಗನ ಓದಿಗೆ ನೆರವು ಕೇಳಬಹುದು, ಅಥವಾ ಬೀದಿಯವರು ತನ್ನನ್ನು ಹೆಸರು ಹಿಡಿದು ಕರೆಯಲಿ ಎನ್ನಬಹುದು. ಭೂಮಿ ಕೊಟ್ಟದ್ದಲ್ಲದೆ ಹೀಗೊಂದು ಮಾತು ಕೇಳುವಷ್ಟು ಪುರುಸೊತ್ತು ಸಾವಿರ ವರ್ಷದ ಹಿಂದಿನ ಒಬ್ಬ ಅರಸನಿಗೆ ಇತ್ತು. ಇಂದು ಸಂಬಳದ ಪಟ್ಟಿಗೆ ಸಹಿ ಹಾಕುವ ಪ್ರತಿಯೊಬ್ಬರಿಗೂ ಅಷ್ಟು ಪುರುಸೊತ್ತು ಸಿಗಲಿ ಎಂಬುದು ನನ್ನ ಬೇಡಿಕೆ.